ಟ್ಯಾಪ್ ಹರ್ನಿಯಾ ಕೇಸಿನಲ್ಲಿ ಲೆನ್ಸ್ ಮಂಜಾಗುವುದಕ್ಕೆ

ಬೆಂಗಳೂರಲ್ಲಿ ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್ ಟ್ರೈನಿಂಗ್‌ನಲ್ಲಿದ್ದೀರಿ. ಟ್ಯಾಪ್ ಕೇಸಿನಲ್ಲಿ, ಅಂದರೆ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ಮಾಡುವ ಹರ್ನಿಯಾ ಆಪರೇಷನ್ನಿನಲ್ಲಿ, ಟೆಲಿಸ್ಕೋಪ್ (ಒಳಗೆ ಬಿಡುವ ಲೆನ್ಸಿನ ಕೊಳವೆ) ಪದೇ ಪದೇ ಮಂಜಾಗುತ್ತೆ, ಮೆಶ್ (ಹರ್ನಿಯಾ ಜಾಗಕ್ಕೆ ಹಾಕುವ ಬಲೆ) ಯಾವಾಗ ಬಿಚ್ಚಬೇಕು ಅಂತ ಕೇಳಿದ್ದೀರಿ.

ಎಸಿ ಓಟಿಯಲ್ಲಿ ತಣ್ಣಗಾದ ಲೆನ್ಸು 37 ಡಿಗ್ರಿಯ ತೇವದ ಹೊಟ್ಟೆಯೊಳಗೆ ಹೋದರೆ ಮಂಜು ಕೂರಲೇಬೇಕು. ಬಿಸಿ ಸ್ಟೆರೈಲ್ ಸಲೈನಿನಲ್ಲಿ ತುದಿ ಅದ್ದಿ, ಒಣ ಗಾಜ್ ಬಟ್ಟೆಯಿಂದ ಒರೆಸಿ, ತಕ್ಷಣ ಒಳಗೆ ಬಿಡಿ. ಸಲೈನ್ ಪಾತ್ರೆಯ ತಳಕ್ಕೂ ಗಾಜ್ ಬಟ್ಟೆ ಹಾಸಿ, ಲೆನ್ಸು ಉಕ್ಕಿಗೆ ಬಡಿಯಬಾರದು. ಹೊಟ್ಟೆ ಉಬ್ಬಿಸುವ ಗ್ಯಾಸ್ ಪೈಪು ಕ್ಯಾಮೆರಾ ಪೋರ್ಟಿಗೇ (ಕ್ಯಾಮೆರಾ ಒಳಗೆ ಹೋಗುವ ಕೊಳವೆಗೇ) ಇದ್ದರೆ ತಣ್ಣನೆ ಕಾರ್ಬನ್ ಡೈಆಕ್ಸೈಡ್ ಲೆನ್ಸಿನ ಪಕ್ಕದಲ್ಲೇ ಬೀಸುತ್ತದೆ. ಸರ್ಜನ್‌ರನ್ನು ಕೇಳಿ ಬೇರೆ ಪೋರ್ಟಿಗೆ ಬದಲಿಸಿ. ಒರೆಸಿದ ಕೂಡಲೇ ಮತ್ತೆ ರಕ್ತ ಮೆತ್ತಿದರೆ ಪೋರ್ಟಿನ ಒಳಗೋಡೆ ಕೊಳೆಯಾಗಿದೆ, ಅದನ್ನೂ ಒರೆಸಿ. ಆಮೇಲೂ ಮಸುಕಿದ್ದರೆ ಕ್ಯಾಮೆರಾ ಹೆಡ್ ಅಲುಗಿಸದೆ ಟೆಲಿಸ್ಕೋಪ್ ಮಾತ್ರ ತಿರುಗಿಸಿ: ಕಲೆ ಜೊತೆಗೇ ತಿರುಗಿದರೆ ಟೆಲಿಸ್ಕೋಪಿನದು, ನಿಂತಲ್ಲೇ ನಿಂತರೆ ಕ್ಯಾಮೆರಾದ್ದು. ಇದನ್ನು ಮೊದಲೇ ಕಲಿತರೆ ತುಂಬಾ ಹೊತ್ತು ಉಳಿಯುತ್ತದೆ.

ಮೆಶ್ ಪ್ಯಾಕೆಟ್ಟನ್ನು ಸರ್ಜನ್ ಅಳತೆ ಹೇಳಿದ ಮೇಲೇ ಬಿಚ್ಚಿ, ಸಾಮಾನ್ಯವಾಗಿ 15×10 ಸೆಂ.ಮೀ. ಹೊಸ ಗ್ಲೌಸ್ ಹಾಕಿ, ರೋಗಿಯ ಚರ್ಮಕ್ಕೆ ತಾಗಿಸದೆ ಸುರುಳಿ ಸುತ್ತಿ 10 ಮಿ.ಮೀ. ಪೋರ್ಟಿಗೆ ಕೊಡಿ. ದಯವಿಟ್ಟು ಇಲ್ಲಿ ಆತುರ ಬೇಡ, ಸೋಂಕು ಹತ್ತಿದ ಮೆಶ್ ತೆಗೆಯಲು ಇನ್ನೊಂದು ಆಪರೇಷನ್ನೇ ಬೇಕಾಗಬಹುದು.

ಕಾಟರಿಗೆ (ಕರೆಂಟಿನಿಂದ ಸುಡುವ ಯಂತ್ರಕ್ಕೆ) ಹಾಕುವ ಕತ್ತರಿ, ಮೇರಿಲ್ಯಾಂಡ್ (ಬಾಗಿದ ತುದಿಯ ಇಕ್ಕುಳ) ಇವುಗಳ ಇನ್ಸುಲೇಷನ್ ಬಿರುಕು ಬಿಟ್ಟಿದೆಯೇ ಎಂದು ಮೊದಲೇ ನೋಡಿ. ಬಿರುಕಿದ್ದರೆ ಕಣ್ಣಿಗೆ ಕಾಣದ ಜಾಗದಲ್ಲಿ ಕರುಳು ಸುಡಬಹುದು. ಹೊಟ್ಟೆ ತೆರೆದು ಆಪರೇಷನ್ ಮಾಡಬೇಕಾಗಿ ಬಂದರೆ ಬೇಕಾಗುವ ಓಪನ್ ಸೆಟ್ ಕೂಡ ಓಟಿಯೊಳಗೇ ಇರಲಿ.