ಉಪಗ್ರಹದ ಮಾದರಿಯಲ್ಲಿ ಬಿಸಿ ತೆಗೆಯಲು ಯಾವ ಮೇಣ ಒಳ್ಳೆಯದು?

ನೀವು ಚಿತ್ರದುರ್ಗದಲ್ಲಿ ಕೊನೇ ವರ್ಷದ ಮೆಕ್ಯಾನಿಕಲ್ ಓದ್ತಿದ್ದೀರಿ, ಪುಟ್ಟ ಉಪಗ್ರಹದ ಪ್ರಾಜೆಕ್ಟು, ಒಳಗಿನ ಬಿಸಿ ತೆಗೆಯೋಕೆ ಮೇಣ ಬೇಕು. ನಿಮ್ಮ ಪ್ರಶ್ನೆ ಓದಿ ನನ್ನ ಎಡಗೈ ಮೇಲಿನ ಕಲೆ ನೋಡಿಕೊಂಡೆ.

ದಾವಣಗೆರೆಯಲ್ಲಿ ಓದುವಾಗ ನಾವು ಮೂವರು ಇದನ್ನೇ ಮಾಡಿದ್ದೆವು. 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 2 ಸೆಂಟಿಮೀಟರ್ ಎತ್ತರದ ಅಲ್ಯೂಮಿನಿಯಂ ಡಬ್ಬಿ. ಅಂಗಡಿಯಿಂದ ಮೇಣದ ಬತ್ತಿ ತಂದು, ದಾರ ಕಿತ್ತು, ಕರಗಿಸಿ ಹುಯ್ದೆವು. ಸುಮಾರು 180 ಗ್ರಾಂ ಹಿಡಿಯಿತು. ಒಂದು ಗ್ರಾಂ ಕರಗೋಕೆ ಹತ್ತಿರಹತ್ತಿರ 200 ಜೂಲ್ ಬೇಕು, ಅಂದರೆ ಒಟ್ಟು 36,000. ಕೆಳಗೆ 20 ವ್ಯಾಟಿನ ಹೀಟರ್ ಇಟ್ಟರೆ ಅರ್ಧ ಗಂಟೆ ತಾಪ ಹೆಚ್ಚು ಏರಬಾರದು. ಲೆಕ್ಕ ಸರಿಯಾಗೇ ಇತ್ತು.

ಎಡವಿದ್ದು ಎಲ್ಲಿ ಅಂದರೆ, ಹುಯ್ದ ಮೇಣ ಆರಿದಾಗ ನಡುವೆ ಹಣತೆಯ ಹಾಗೆ ಗುಂಡಿ ಬಿತ್ತು. ಗುಂಡಿ ಅಂದರೆ ಅಷ್ಟು ಮೇಣ ಕಮ್ಮಿ, ಮೇಣ ಕಮ್ಮಿಯಾದರೆ ನಿಮಿಷ ಕಮ್ಮಿ ಅಂತ ನನ್ನ ತಲೆ. ಮತ್ತೆ ಹುಯ್ದೆ. ಮತ್ತೆ ಸಣ್ಣ ಗುಂಡಿ. ಮೂರನೇ ಸಲ ಉಬ್ಬುವಷ್ಟು ಹುಯ್ದು, ಆರಿದ ಮೇಲೆ ಸ್ಟೀಲ್ ಸ್ಕೇಲಿನಿಂದ ಅಂಚಿನ ಮಟ್ಟಕ್ಕೆ ಹೆರೆದೆ. ನೋಡೋಕೆ ಚೆಂದವೋ ಚೆಂದ! ಮುಚ್ಚಳ ಇಟ್ಟು ಎಪಾಕ್ಸಿ ಅಂಟು ಹಾಕಿ ಮುಚ್ಚಿದೆ.

ಮೇಣ ಕರಗಿದಾಗ ಹತ್ತು ಪರ್ಸೆಂಟಿಗಿಂತ ಜಾಸ್ತಿ ಹಿಗ್ಗುತ್ತದೆ. ನಮ್ಮ ಡಬ್ಬಿಗೆ ಅದು 20 ಎಂಎಲ್‌ಗೂ ಮೇಲೆ, ಕೆಮ್ಮಿನ ಸಿರಪ್ಪಿನ ಎರಡು ಮುಚ್ಚಳದಷ್ಟು. ಆರುವಾಗ ಬಿದ್ದ ಗುಂಡಿ ಅದೇ ಜಾಗ. ನಾನು ಅದನ್ನೇ ಮೂರು ಸಲ ಮುಚ್ಚಿದ್ದೆ. ಸಾಲದ್ದಕ್ಕೆ ಬಿಸಿ ಬರ್ತಿದ್ದದ್ದು ಕೆಳಗಿನಿಂದ. ತಳದ ಮೇಣ ಮೊದಲು ನೀರಾಯಿತು, ಮೇಲಿನದು ಇನ್ನೂ ಕಲ್ಲು. ಹಿಗ್ಗಿದ್ದು ಎಲ್ಲಿಗೆ ಹೋಗಬೇಕು? ಮುಚ್ಚಳ ಪೂರಿಯ ಹಾಗೆ ಉಬ್ಬಿತು. ನಾನು ಹೀಟರ್ ಆರಿಸೋದು ಬಿಟ್ಟು, ಬೆರಳಿಂದ ಒತ್ತಿ ನೋಡಿದೆ. ಅಷ್ಟೇ. ಅಂಚು ಬಿಟ್ಟು ಮೇಣ ನನ್ನ ಕೈಗೆ, ಗೋಡೆಗೆ, ಪರೀಕ್ಷೆ ಮಾಡೋಕೆ ಹೊರಗಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಸರ್ ಅವರ ಬೂಟಿಗೆ.

ಈಗ ನಿಮ್ಮ ಪ್ರಶ್ನೆ. ಕ್ಷಮಿಸಿ, ಆದರೆ ಅದೇ ತಪ್ಪು. ಮೇಣ ಬಿಸಿಯನ್ನು ತೆಗೆಯಲ್ಲ, ಇಟ್ಟುಕೊಳ್ಳುತ್ತದೆ. ಕೈಗಡ ಇದ್ದ ಹಾಗೆ, ವಾಪಸ್ ಕೊಡಲೇಬೇಕು. 1971ರಲ್ಲಿ ಅಪೊಲೊ 15 ಚಂದ್ರನ ಮೇಲೆ ಓಡಿಸಿದ ರೋವರ್ ಗಾಡಿಯಲ್ಲೂ ಎಲೆಕ್ಟ್ರಾನಿಕ್ಸ್ ಬಿಸಿಗೆ ಮೇಣದ ಡಬ್ಬಿಗಳಿದ್ದವು. ಓಡುವಾಗ ಬಿಸಿ ಮೇಣಕ್ಕೆ. ಸುತ್ತಾಟ ಮುಗಿದ ಮೇಲೆ ಗಗನಯಾತ್ರಿಗಳು ರೇಡಿಯೇಟರ್ (ಬಿಸಿಯನ್ನು ಹೊರಗೆ ಸೂಸುವ ಫಲಕ) ಮೇಲಿದ್ದ, ಧೂಳು ತಡೆಯುವ ಮುಚ್ಚಳ ತೆರೆದಿಡುತ್ತಿದ್ದರು. ರೇಡಿಯೇಟರ್ ಆ ಬಿಸಿಯನ್ನು ಆಕಾಶಕ್ಕೆ ಬಿಟ್ಟು, ಮೇಣ ಮತ್ತೆ ಗಟ್ಟಿಯಾಗುತ್ತಿತ್ತು. ಅಲ್ಲಿ ಗಾಳಿ ಇಲ್ಲ, ಫ್ಯಾನ್ ಕೆಲಸಕ್ಕೆ ಬರಲ್ಲ. ಭೂಮಿಯ ಹತ್ತಿರದ ಉಪಗ್ರಹ ಸುಮಾರು 90 ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಅದರಲ್ಲಿ ನೆರಳು ಸಿಗೋದು 35 ನಿಮಿಷ ಅಂದುಕೊಳ್ಳಿ. ನಿಮ್ಮ ಮೇಣ ಒಂದೇ ಸುತ್ತಿನೊಳಗೆ ಕರಗಿ ಗಟ್ಟಿಯೂ ಆಗದಿದ್ದರೆ ಅದು ಸುಮ್ನೆ ಭಾರ. ಹಾಗಾಗಿ ರೇಡಿಯೇಟರ್ ಮೊದಲು, ಮೇಣ ಆಮೇಲೆ.

ಮೇಣದೊಳಗೆ ಬಿಸಿ ಹರಿಯೋದೂ ಬಲು ನಿಧಾನ. ಅಲ್ಯೂಮಿನಿಯಂಗೆ ಹೋಲಿಸಿದರೆ ಸಾವಿರದಲ್ಲಿ ಒಂದು ಭಾಗ. ಒಳಗೆ ಅಲ್ಯೂಮಿನಿಯಂ ರೆಕ್ಕೆಗಳನ್ನು ನಿಲ್ಲಿಸದಿದ್ದರೆ ಹೀಟರ್ ಸುಡುತ್ತಿರುತ್ತದೆ, ಮೂಲೆಯ ಮೇಣ ತಣ್ಣಗೆ ಕೂತಿರುತ್ತದೆ.

ಮೇಣದ ಹೆಸರೇ ಬೇಕಾದರೆ ಎಲ್ಲರೂ ಹೇಳೋದು ಆಕ್ಟಾಡೆಕೇನ್, 28 ಡಿಗ್ರಿಗೆ ಕರಗುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಅದು ಟೆಸ್ಟಿಗೆ ಮೊದಲೇ ನೀರಾಗಿರುತ್ತದೆ! ಡಿಸೆಂಬರಿನ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟ್ಲಿಯಲ್ಲಿ ಗಟ್ಟಿಯಾಗುತ್ತಲ್ಲ, ಅದನ್ನು ಮೇ ತಿಂಗಳಲ್ಲಿ ನೋಡಿ. ಮೇಜಿನ ಮೇಲೆ ತೋರಿಸೋಕೆ ಮೇಣದ ಬತ್ತಿಯೇ ಸಾಕು.

ಡಬ್ಬಿ ಮುಚ್ಚುವ ಮೊದಲು ಒಂದು ಕೆಲಸ ಮಾಡಿ. ಮೇಣವನ್ನು ತೆರೆದ ಗಾಜಿನ ಲೋಟದಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಕರಗಿದಾಗ ಎಲ್ಲಿವರೆಗೆ ಬಂತು ಅಂತ ಮಾರ್ಕರ್‌ನಿಂದ ಗೀಟು ಹಾಕಿ. ಬೆಳಿಗ್ಗೆ ಎದ್ದು ನೋಡಿ, ನಡುವಿನ ಗುಂಡಿ ಕಾಣುತ್ತೆ. ಅದನ್ನು ತುಂಬಬೇಡಿ. ನಮ್ಮ ಎರಡನೇ ಡಬ್ಬಿಗೆ ಅಷ್ಟು ಜಾಗ ಬಿಟ್ಟಿದ್ದೆವು, ಏನೂ ಆಗಲಿಲ್ಲ. ಎಕ್ಸ್‌ಟರ್ನಲ್ ಸರ್ ಮಾತ್ರ ಕೊನೇ ಬೆಂಚಿನಲ್ಲಿ ಕೂತು ನೋಡಿದರು.