ಬಯೋಗ್ಯಾಸ್ ಆಮೇಲೆ, ಮೊದಲು ಮುಸುರೆ ಬಕೆಟ್ ತೂಗಿಸಿ

ಓದುಗರ ಪತ್ರದ ಸಾರ: ತುಮಕೂರಿನ ನಮ್ಮ ಕ್ಯಾಂಪಸ್ಸಿನಲ್ಲಿ ಮೂರು ಕ್ಯಾಂಟೀನ್‌ಗಳಿವೆ. ಮೂರೂ ಸೇರಿ ದಿನಕ್ಕೆ ಸುಮಾರು 45 ಕೆ.ಜಿ. ಆಹಾರ ತ್ಯಾಜ್ಯ, 800 ಪೇಪರ್ ಕಪ್, 19 ಕೆ.ಜಿ.ಯ ಒಂದು ಸಿಲಿಂಡರ್. ಬಯೋಗ್ಯಾಸ್ ಘಟಕ ಹಾಕಿಸಿದರೆ ಸಿಲಿಂಡರೇ ಬೇಡ ಎನ್ನುತ್ತಾರೆ ಮಾರಾಟಗಾರರು. ಹಾಕಿಸೋಣವೇ? ಕಪ್ಪಿಗೆ ಬದಲಿ ಏನು? ತಟ್ಟೆ ಇಡ್ಲಿಗೆ ಪ್ಲಾಸ್ಟಿಕ್ ಹಾಳೆ ಬಿಡಿಸಿ ಬಟ್ಟೆ ಕೊಟ್ಟರೆ ವಾಸನೆ ಬರುತ್ತದೆ ಎಂದು ಗುತ್ತಿಗೆದಾರರು ದೂರುತ್ತಿದ್ದಾರೆ. (ಕ್ಯಾಂಟೀನ್ ಸಮಿತಿಯ ಸಂಚಾಲಕಿ)

ಸಂಪಾದಕರ ಉತ್ತರ

ನಮಸ್ಕಾರ ಮೇಡಂ. ಸಿಲಿಂಡರೇ ಬೇಡ ಎನ್ನುವುದು ಆಗದ ಮಾತು. ಒಂದು ಕೆ.ಜಿ. ಅನ್ನ-ತರಕಾರಿಯ ಮುಸುರೆಯಿಂದ ಹುಟ್ಟುವುದು ಹೆಚ್ಚುಕಡಿಮೆ 100 ಲೀಟರ್ ಗ್ಯಾಸ್. ನಿಮ್ಮ 45 ಕೆ.ಜಿ.ಗೆ ನಾಲ್ಕೂವರೆ ಘನ ಮೀಟರ್ ಆಯಿತು. ಒಂದು ಘನ ಮೀಟರ್ ಬಯೋಗ್ಯಾಸ್ ಅರ್ಧ ಕೆ.ಜಿ.ಗಿಂತ ಕೊಂಚ ಕಡಿಮೆ ಎಲ್‌ಪಿಜಿಗೆ ಸಮ. ಎಲ್ಲ ಸರಿಯಾಗಿ ನಡೆದರೂ ದಿನಕ್ಕೆ ಉಳಿಯುವುದು ಎರಡು ಕೆ.ಜಿ., ಅಂದರೆ ಸಿಲಿಂಡರಿನ ಹತ್ತನೇ ಒಂದು ಪಾಲು.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ. 300 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಒಲೆಯ ಮೇಲೆ ಸುಮಾರು ಎರಡು ಕೆ.ಜಿ. ಎಲ್‌ಪಿಜಿ ಉರಿಯುತ್ತದೆ. ಬಿಸಿಲಿದ್ದ ದಿನ ಛಾವಣಿಯ ಮೇಲಿನ ಒಂದು ಸೋಲಾರ್ ಹೀಟರ್ ಇದೇ ಕೆಲಸ ಮಾಡುತ್ತದೆ, ಅದಕ್ಕೆ ಮುಸುರೆ ಹಾಕುವವರು ಬೇಡ. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೇನು ಬರ? ಮೊದಲ ಹಣ ಇದಕ್ಕೇ ಹೋಗಲಿ. ಬೋರ್‌ವೆಲ್ಲಿನ ಗಡಸು ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ, ವರ್ಷಕ್ಕೊಮ್ಮೆ ತೆಗೆಸಬೇಕು. ಹೇಮಾವತಿ ನೀರಿನ ನಲ್ಲಿ ಇದ್ದರೆ ಹೀಟರನ್ನು ಅದಕ್ಕೆ ಜೋಡಿಸಿ.

ಈ ಬಿಸಿನೀರಿದ್ದರೆ ಪೇಪರ್ ಕಪ್ ಬಿಡುವುದು ಸುಲಭ. ಪೇಪರ್ ಕಪ್ಪಿನ ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಹಾಗಾಗಿ ಅದು ಗೊಬ್ಬರವೂ ಆಗದು, ರದ್ದಿಗೂ ಹೋಗದು. ಕಪ್ಪಿಗೆ 60 ಪೈಸೆ ಎಂದು ಬರೆದಿದ್ದೀರಿ. ದಿನಕ್ಕೆ 480 ರೂಪಾಯಿ, 25 ದಿನಕ್ಕೆ 12,000. ಆ ಹಣ ಲೋಟ ತೊಳೆಯುವವರ ಸಂಬಳಕ್ಕೆ ಹೋಗಲಿ. 800 ಲೋಟ ಕೊಳ್ಳಬೇಕಿಲ್ಲ. ಬೆಳಗಿನ ಬಿಡುವಿನಲ್ಲಿ ಎಷ್ಟು ಟೀ-ಕಾಫಿ ಹೋಗುತ್ತದೆಂದು ಎಣಿಸಿ, ಅದಕ್ಕೆ ಮೂರನೇ ಒಂದು ಪಾಲು ಸೇರಿಸಿ. 250 ಹೋಗುವುದಾದರೆ 335 ಸಾಕು. ಮೂರು ತೊಟ್ಟಿ ಬೇಕು: ಸೋಪಿನದು, ತಣ್ಣೀರಿನದು, ಕೊನೆಗೆ 80 ಡಿಗ್ರಿಯ ಬಿಸಿನೀರಿನದು. ಸೋಲಾರ್ ನೀರನ್ನು ಒಲೆಯ ಮೇಲೆ ಇನ್ನು 20 ಡಿಗ್ರಿ ಏರಿಸಿದರಾಯಿತು. ಲೋಟಗಳನ್ನು ತಂತಿ ಬುಟ್ಟಿಯಲ್ಲಿಟ್ಟು ಅರ್ಧ ನಿಮಿಷ ಮುಳುಗಿಸಿ, ಬೋರಲು ಹಾಕಿ ಗಾಳಿಗೆ ಒಣಗಲು ಬಿಡಬೇಕು. ಬಟ್ಟೆಯಲ್ಲಿ ಒರೆಸಿದರೆ ತೊಳೆದದ್ದೆಲ್ಲ ವ್ಯರ್ಥ, ಆ ಒಂದು ಬಟ್ಟೆಯ ಕೊಳೆ ಎಲ್ಲ ಲೋಟಕ್ಕೂ ಹತ್ತುತ್ತದೆ. ಬಿಳಿ ಕಲೆ ಕಟ್ಟಿದರೆ ವಾರಕ್ಕೊಮ್ಮೆ ಹುಣಸೆಹುಳಿ ನೀರಿನಲ್ಲಿ ನೆನೆಸಿ. ಲೋಟ ತರಗತಿಗೆ, ಲೈಬ್ರರಿಗೆ ನಡೆದುಹೋಗುತ್ತದೆ, ಅದು ಎಲ್ಲ ಕಡೆಯ ಗೋಳು. ವಾಪಸ್ ಬುಟ್ಟಿಯನ್ನು ಕೌಂಟರ್ ಬಳಿ ಇಟ್ಟರೆ ಪ್ರಯೋಜನವಿಲ್ಲ, ಲೈಬ್ರರಿ ಮೆಟ್ಟಿಲ ಬಳಿ ಇಡಿ.

ಇನ್ನು ಇಡ್ಲಿ ಬಟ್ಟೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹೆಸರು ಹೊತ್ತ ಊರಿನಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಇಡ್ಲಿ ಬೇಯುವುದು ನಮಗೆ ನಿಜಕ್ಕೂ ನೋವಿನ ಸಂಗತಿ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಇದನ್ನು ನಿಷೇಧಿಸುವುದಾಗಿ ಹೇಳಿದ ಮೇಲೂ ಹಾಳೆ ಹೋಗಿಲ್ಲ, ಏಕೆಂದರೆ ಬಟ್ಟೆ ಹೇಗೆ ಬಳಸಬೇಕೆಂದು ಹೊಸ ಹುಡುಗರಿಗೆ ಯಾರೂ ಹೇಳಿಕೊಟ್ಟಿಲ್ಲ. ಬಿಳಿ ಹತ್ತಿ ಬಟ್ಟೆ ತನ್ನಿ, ಬಣ್ಣದ್ದು ಬೇಡ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಎರಡು ಸಲ ಕುದಿಸಿ ಬಿಡಿಸಬೇಕು. ತಟ್ಟೆಗಿಂತ ಸುತ್ತಲೂ ಎರಡು ಇಂಚು ದೊಡ್ಡದಾಗಿ ಕತ್ತರಿಸಿ ಅಂಚು ಹೊಲಿಸಿ, ಇಲ್ಲವಾದರೆ ಇಡ್ಲಿಯಲ್ಲಿ ನೂಲು ಬರುತ್ತದೆ. ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಹಾಸಿ, ಹಿಟ್ಟು ಹೊಯ್ಯಿರಿ. ಬೆಂದ ಮೇಲೆ ಒಂದೆರಡು ನಿಮಿಷ ಆರಲು ಬಿಟ್ಟು ಕವುಚಿ, ಬಟ್ಟೆಯ ಬೆನ್ನಿಗೆ ತಣ್ಣೀರು ಚಿಮುಕಿಸಿ ಒಂದು ಅಂಚಿನಿಂದ ಎತ್ತಿದರೆ ಬಟ್ಟೆ ಬಿಟ್ಟು ಬರುತ್ತದೆ. ಬಿಸಿಬಿಸಿಯಲ್ಲೇ ಎಳೆದರೆ ಅರ್ಧ ಇಡ್ಲಿ ಬಟ್ಟೆಗೇ ಅಂಟಿಕೊಳ್ಳುತ್ತದೆ. ನಿಮ್ಮವರು ಹೇಳುವ ವಾಸನೆ ಬಟ್ಟೆಯದಲ್ಲ, ನೇಯ್ಗೆಯಲ್ಲಿ ಉಳಿದು ಹುಳಿತ ಹಿಟ್ಟಿನದು. ಬಿಚ್ಚಿದ ಕೂಡಲೇ ತಣ್ಣೀರಿನಲ್ಲಿ ನೆನೆಹಾಕಿ ಉಜ್ಜಬೇಕು. ಮಧ್ಯಾಹ್ನದವರೆಗೆ ಬಿಟ್ಟರೆ ಒಣಗಿ ಕೂರುತ್ತದೆ. ದಿನಕ್ಕೊಮ್ಮೆ 15 ನಿಮಿಷ ಕುದಿಸಿ, ಬಿಸಿಲಿಗೆ ಹಾಕಿ. ಎರಡು ಜೊತೆ ಇರಲಿ, ಒಂದು ಒಣಗುವಾಗ ಇನ್ನೊಂದು ಒಲೆಯ ಮೇಲೆ.

ತ್ಯಾಜ್ಯದ ವಿಷಯ. 45 ಕೆ.ಜಿ. ಎಲ್ಲಿಂದ ಬಂತು? ಒಂದು ವಾರ ಪ್ರತಿ ಕ್ಯಾಂಟೀನಿನಲ್ಲೂ ಮೂರು ಬಕೆಟ್ ಇಟ್ಟು ಬೇರೆಬೇರೆ ತೂಗಿಸಿ: ಹೆಚ್ಚುವಾಗ ಬಂದ ಸಿಪ್ಪೆ-ದೇಟು, ಮಾರಾಟವಾಗದೆ ಉಳಿದದ್ದು, ತಟ್ಟೆಯಲ್ಲಿ ಬಿಟ್ಟ ಎಂಜಲು. ಉಳಿದದ್ದು ಹೆಚ್ಚಿದ್ದರೆ ಒಂದೇ ಸಲ ಬೇಯಿಸುವ ಬದಲು ಎರಡು ಕಂತಿನಲ್ಲಿ ಬೇಯಿಸಬೇಕು. ಎಂಜಲು ಹೆಚ್ಚಿದ್ದರೆ ಅನ್ನದ ಸೌಟು ಚಿಕ್ಕದಾಗಲಿ, ಬೇಕಾದವರು ಎರಡನೇ ಸಲ ಕೇಳಲಿ. ಅರ್ಧ ಮುದ್ದೆ, ಅರ್ಧ ಊಟ ಎಂದು ದರಪಟ್ಟಿಯಲ್ಲೇ ಬರೆಸಿ. ವಾರಕ್ಕೆರಡು ದಿನ ಮುದ್ದೆ-ಬಸ್ಸಾರು ಇರಲಿ. ಸೊಪ್ಪು-ಕಾಳು ಬೇಯಿಸಿದ ಕಟ್ಟನ್ನೂ ಚೆಲ್ಲದ ಅಡುಗೆ ಅದು, ರಾಗಿಯೂ ಜಿಲ್ಲೆಯದೇ.

ಇಷ್ಟೆಲ್ಲ ಆದ ಮೇಲೆ ಉಳಿದ ತೂಕಕ್ಕೆ ಬಯೋಗ್ಯಾಸ್ ಅಳತೆ ಮಾಡಿಸಿ. 25 ಕೆ.ಜಿ.ಗೆ ಇಳಿಯಿತೆನ್ನಿ. ಅಷ್ಟೇ ನೀರು ಸೇರಿ ದಿನಕ್ಕೆ 50 ಲೀಟರ್, 40 ದಿನ ಒಳಗಿರಬೇಕು, ಅಂದರೆ 2,000 ಲೀಟರಿನ ಡೈಜೆಸ್ಟರ್ (ಮುಸುರೆ ಕೊಳೆತು ಗ್ಯಾಸ್ ಆಗುವ ಮುಚ್ಚಿದ ತೊಟ್ಟಿ). ಈಗಲೇ 45 ಕೆ.ಜಿ.ಗೆ ಹಾಕಿಸಿದರೆ ಘಟಕದ ಹೊಟ್ಟೆ ತುಂಬಿಸಲೆಂದೇ ಅನ್ನ ಚೆಲ್ಲುವ ಸ್ಥಿತಿ ಬರುತ್ತದೆ. ಶುರುವಿಗೆ ಸಗಣಿ ಬಗ್ಗಡ ತುಂಬಿ, ಗ್ಯಾಸ್ ನೀಲಿಯಾಗಿ ಉರಿದ ಮೇಲೆ ಮುಸುರೆಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ. ನಿಂಬೆ-ಮೋಸಂಬಿ ಸಿಪ್ಪೆ, ಮೊಟ್ಟೆ ಚಿಪ್ಪು, ಮೂಳೆ, ತೆಂಗಿನ ನಾರು ಬೇಡ. ಹಾಳಾಗುವುದು ಹೆಚ್ಚಾಗಿ ಸಮಾರಂಭದ ಮರುದಿನ: ಉಳಿದ ಅನ್ನವನ್ನೆಲ್ಲ ಒಮ್ಮೆಲೇ ಸುರಿದಾಗ ಒಳಗೆ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. ಆಗ ಮುಸುರೆ ನಿಲ್ಲಿಸಿ, ಸಗಣಿ ಬಗ್ಗಡ ಹಾಕಿ ಕೆಲವು ದಿನ ಕಾಯಬೇಕು.

ಕರಿದ ಎಣ್ಣೆಯನ್ನು ಅದಕ್ಕೂ ಹಾಕಬೇಡಿ, ಮೋರಿಗೂ ಬೇಡ. ಸೋಸಿ ಡಬ್ಬಿಯಲ್ಲಿಟ್ಟು ಪರವಾನಗಿ ಇರುವ ಸಂಗ್ರಾಹಕರಿಗೆ ಕೊಡಿಸಿ. ಎಣ್ಣೆಯ ಪೋಲಾರ್ ಅಂಶ (ಪದೇಪದೇ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ವಸ್ತುಗಳು) 25% ಮೀರಬಾರದು ಎಂಬ ನಿಯಮ 2018ರ ಜುಲೈ 1ರಿಂದಲೇ ಜಾರಿಯಲ್ಲಿದೆ. ಹಳೆಯದರ ಮೇಲೆ ಹೊಸ ಎಣ್ಣೆ ಸುರಿದರೆ ಹೊಸದೂ ಬೇಗ ಕೆಡುತ್ತದೆ.

ಒಂದು ಮಾತು ನೀವು ಕೇಳಿಲ್ಲ, ಆದರೂ ಹೇಳಬೇಕು. ಟೆಂಡರ್ ಒಂದೇ ವರ್ಷದ್ದು, ಹೆಚ್ಚು ಬಾಡಿಗೆ ಕೂಗಿದವರಿಗೇ ಸಿಗುತ್ತದೆ ಎಂದಾದರೆ ಯಾವ ಗುತ್ತಿಗೆದಾರರೂ ಸ್ಟೀಲ್ ಲೋಟಕ್ಕೆ ಹಣ ಹಾಕುವುದಿಲ್ಲ. ಲೋಟ, ತಟ್ಟೆ, ತೊಟ್ಟಿ, ಹೀಟರ್ ಕ್ಯಾಂಪಸ್ಸಿನ ಆಸ್ತಿಯಾಗಿರಲಿ, ಗುತ್ತಿಗೆದಾರರಿಗೆ ಎಣಿಸಿ ಕೊಟ್ಟು ಎಣಿಸಿ ವಾಪಸ್ ಪಡೆಯಿರಿ. ಬಾಡಿಗೆ ಇಳಿಸಿ, ಅವಧಿ ಮೂರು ವರ್ಷ ಮಾಡಿ, ಪೇಪರ್ ಕಪ್ ಇಲ್ಲ, ಪ್ಲಾಸ್ಟಿಕ್ ಹಾಳೆ ಇಲ್ಲ ಎಂಬುದನ್ನು ಷರತ್ತಿನಲ್ಲೇ ಬರೆಸಿ.

ಬಕೆಟ್ಟುಗಳ ವಾರದ ತೂಕ ಸಿಕ್ಕಿದ ಮೇಲೆ ನಮಗೆ ಕಳಿಸಿ. ಡೈಜೆಸ್ಟರ್ ಬೇಕೋ ಬೇಡವೋ, ಬೇಕಾದರೆ ಎಷ್ಟು ಲೀಟರಿನದು ಎಂದು ನಿಮ್ಮ ಅಂಕಿಗಳನ್ನೇ ಇಟ್ಟು ಲೆಕ್ಕ ಮಾಡಿಕೊಡುತ್ತೇವೆ.