ಬೀರುವಿನಲ್ಲಿಟ್ಟ ಸ್ಟ್ರಿಪ್ ತೆರೆಯುವ ಮುನ್ನ

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಮದುವೆಯಾಗಿ ಏಳು ತಿಂಗಳಾಗಿದೆ, ನಿಮಗೀಗ 27 ವರ್ಷ, ಇನ್ನೆರಡು ವರ್ಷ ಮಗು ಬೇಡವೆಂದು ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಂಡಿದ್ದೀರಿ. ವೈದ್ಯರು ಐದೇ ನಿಮಿಷದಲ್ಲಿ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟು ಕಳುಹಿಸಿದ್ದಾರೆ. ಅತ್ತೆಯವರಿಗೆ ವಿಷಯ ಗೊತ್ತಾಗಿ, ‘ಈಗಲೇ ಮಾತ್ರೆ ನುಂಗಿದರೆ ಮುಂದೆ ಗರ್ಭ ನಿಲ್ಲುವುದಿಲ್ಲ’ ಎಂದಿದ್ದಾರೆ. ಸ್ಟ್ರಿಪ್ ಹತ್ತು ದಿನಗಳಿಂದ ಬೀರುವಿನಲ್ಲಿ ಸೀರೆಗಳ ಕೆಳಗಿದೆ, ಆರಂಭಿಸಲೋ ಬೇಡವೋ ಎಂದು ಕೇಳಿದ್ದೀರಿ.

ನಾನು ವೈದ್ಯೆಯಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಆದರೆ ಇದೇ ಬಗೆಯ ಮಾತ್ರೆಯನ್ನು ಹದಿನಾಲ್ಕು ತಿಂಗಳು ನುಂಗಿ, ಕೊನೆಗೆ ನಿಲ್ಲಿಸಲೇಬೇಕಾಗಿ ಬಂದವಳು. ನನ್ನ ಸ್ವಂತ ತಂಗಿ ಅದನ್ನೇ ನಾಲ್ಕು ವರ್ಷ ಯಾವ ತೊಂದರೆಯೂ ಇಲ್ಲದೆ ನುಂಗಿದಳು. ಆದ್ದರಿಂದ ನಿಮಗೆ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಅತ್ತೆಯವರ ಭಯಕ್ಕೆ ಆಧಾರವಿಲ್ಲ, ಆ ಕಾರಣಕ್ಕೆ ಮಾತ್ರೆಯನ್ನು ಬಿಡಬೇಡಿ. ಆದರೆ ರಕ್ತದೊತ್ತಡ ನೋಡಿಸಿಕೊಳ್ಳದೆ, ನಿಮ್ಮ ಆರೋಗ್ಯದ ಬಗ್ಗೆ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡದೆ ಮೊದಲ ಮಾತ್ರೆಯನ್ನು ನುಂಗಲೂ ಬೇಡಿ. ಆ ಐದು ನಿಮಿಷದಲ್ಲಿ ಯಾರಾದರೂ ನಿಮ್ಮ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿದರೆಂದು ನೀವು ಬರೆದಿಲ್ಲ.

ನನ್ನ ವಿಷಯದಲ್ಲಿ ಆದದ್ದು ಹೀಗೆ. ನನಗಾಗ 28 ವರ್ಷ. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಕಾಲದಿಂದಲೂ ವರ್ಷಕ್ಕೆ ಒಂದೆರಡು ಬಾರಿ ನನಗೆ ಅರೆತಲೆನೋವು ಬರುತ್ತಿತ್ತು. ನೋವಿಗೆ ಮುಂಚೆ ಕಣ್ಣಿಗೆ ಏನೋ ಆಗುತ್ತಿತ್ತು. ಉತ್ತರಪತ್ರಿಕೆ ತಿದ್ದುತ್ತಾ ಕುಳಿತಿರುವಾಗ ‘ಕರ್ನಾಟಕ’ ಎಂಬ ಪದದ ನಡುವಿನ ‘ರ್ನಾ’ ಇದ್ದಕ್ಕಿದ್ದಂತೆ ಕಾಣದಾಗುತ್ತಿತ್ತು. ಕಣ್ಣು ಹೊರಳಿಸಿದರೆ ಪಕ್ಕದ ಅಕ್ಷರ ಮಾಯವಾಗುತ್ತಿತ್ತು. ಆ ಖಾಲಿ ಜಾಗ ನಿಧಾನವಾಗಿ ದೊಡ್ಡದಾಗುತ್ತಾ, ಅದರ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕಿನ ಕಮಾನು ಮಿನುಗುತ್ತಿತ್ತು. ಇಪ್ಪತ್ತು ನಿಮಿಷ ಕಳೆದರೆ ಬೆಳಕು ಹೋಗಿ, ತಲೆಯ ಒಂದು ಪಕ್ಕ ಒಡೆದುಹೋಗುವಷ್ಟು ನೋವು ಶುರುವಾಗುತ್ತಿತ್ತು. ನಮ್ಮ ಅಮ್ಮ ಅದನ್ನು ಪಿತ್ತವೆಂದೇ ತಿಳಿದಿದ್ದರು. ಶುಂಠಿ ಜೀರಿಗೆಯ ಕಷಾಯ ಕುಡಿಸಿ, ಕಿಟಕಿ ಮುಚ್ಚಿ ಮಲಗಿಸುತ್ತಿದ್ದರು. ನಾನೂ ಪಿತ್ತವೆಂದೇ ನಂಬಿದ್ದೆ. ಹಾಗಾಗಿ ಮಾತ್ರೆ ಬರೆದುಕೊಟ್ಟ ವೈದ್ಯರ ಮುಂದೆ ತಲೆನೋವಿನ ಮಾತನ್ನೇ ಎತ್ತಲಿಲ್ಲ, ಅವರೂ ಕೇಳಲಿಲ್ಲ.

ಮಾತ್ರೆ ಆರಂಭಿಸಿದ ಮೇಲೆ ವರ್ಷಕ್ಕೆರಡು ಬಾರಿ ಬರುತ್ತಿದ್ದದ್ದು ತಿಂಗಳಿಗೆರಡು ಬಾರಿ ಬರತೊಡಗಿತು. ಒಂದು ದಿನ ತರಗತಿಯಲ್ಲಿ ಹಲಗೆಯ ಮೇಲೆ ಬರೆಯುತ್ತಿದ್ದಾಗ ಬಲಗೈ ಬೆರಳುಗಳು ಜೋಮು ಹಿಡಿದು ಸೀಮೆಸುಣ್ಣ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಅದನ್ನು ಹಿಡಿದಿದ್ದೇನೋ ಇಲ್ಲವೋ ಎಂಬುದೇ ಬೆರಳಿಗೆ ತಿಳಿಯಲಿಲ್ಲ. ಅಂದು ಸಂಜೆ ಬೇರೊಬ್ಬ ವೈದ್ಯೆಯ ಬಳಿ ಹೋದೆ. ಅವರು ಮೊದಲು ಕೇಳಿದ್ದು, ‘ನೋವು ಬರುವ ಮುಂಚೆ ಕಣ್ಣಿಗೆ ಏನಾದರೂ ಕಾಣಿಸುತ್ತದೆಯೇ?’ ಎಂದು. ಎರಡನೆಯದು, ‘ಯಾವುದಾದರೂ ಮಾತ್ರೆ ನುಂಗುತ್ತಿದ್ದೀರಾ?’ ಎಂದು. ಎರಡಕ್ಕೂ ಹೌದೆಂದ ಕೂಡಲೇ ಅವರು ಪೆನ್ನು ಕೆಳಗಿಟ್ಟು, ಗರ್ಭನಿರೋಧಕ ಮಾತ್ರೆಯನ್ನು ಇವತ್ತೇ ನಿಲ್ಲಿಸಿ ಎಂದರು.

ಕಾರಣವನ್ನು ಅವರೇ ವಿವರಿಸಿದರು. ಕಣ್ಣಿಗೆ ಹೀಗೆ ಬೆಳಕು ಕಾಣಿಸಿಕೊಂಡು ಬರುವ ಮೈಗ್ರೇನ್‌ಗೆ ‘ಆರಾ’ ಇರುವ ಮೈಗ್ರೇನ್ ಎನ್ನುತ್ತಾರೆ. ಅದಿರುವ ಹೆಂಗಸರಿಗೆ ಮಿದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆಗುವ ಸಂಭವ ಉಳಿದವರಿಗಿಂತ ಹೆಚ್ಚು, ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇರುವ, ನಾನು ನುಂಗುತ್ತಿದ್ದಂಥ ಮಾತ್ರೆ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಯಾರಿಗೆ ಯಾವ ಗರ್ಭನಿರೋಧಕ ಸರಿ ಎಂಬುದನ್ನು ಒಂದರಿಂದ ನಾಲ್ಕರವರೆಗಿನ ವರ್ಗಗಳಲ್ಲಿ ವಿಂಗಡಿಸಿದೆ. ಒಂದು ಎಂದರೆ ಯಾವ ಅಡ್ಡಿಯೂ ಇಲ್ಲ, ನಾಲ್ಕು ಎಂದರೆ ಬಳಸಕೂಡದು. ನಾನು ಹದಿನಾಲ್ಕು ತಿಂಗಳು ನಾಲ್ಕನೆಯ ವರ್ಗದಲ್ಲಿದ್ದುಕೊಂಡೇ ದಿನಾ ರಾತ್ರಿ ಮಾತ್ರೆ ನುಂಗಿದ್ದೆ. ನನಗೆ ಏನೂ ಆಗಲಿಲ್ಲ. ಆಗಬಹುದಿತ್ತು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ವೈದ್ಯರು ಕೇಳಲಿ ಬಿಡಲಿ, ಈ ಸಂಗತಿಗಳನ್ನು ನೀವಾಗಿಯೇ ಹೇಳಬೇಕು. ನಾನು ಹೇಳಿದಂಥ ತಲೆನೋವು ಇದೆಯೇ? ಕಾಲಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ನಿಮಗೆ ಹಿಂದೆ ರಕ್ತ ಹೆಪ್ಪುಗಟ್ಟಿತ್ತೇ, ತಂದೆ ತಾಯಿ ಅಥವಾ ಒಡಹುಟ್ಟಿದವರಿಗೆ ಚಿಕ್ಕ ವಯಸ್ಸಿನಲ್ಲೇ ಹಾಗಾಗಿತ್ತೇ? ಹೃದಯದ ಅಥವಾ ಯಕೃತ್ತಿನ ಕಾಯಿಲೆ, ಸ್ತನ ಕ್ಯಾನ್ಸರ್ ಇತ್ತೇ? ರಕ್ತದೊತ್ತಡ 140/90ಕ್ಕಿಂತ ಮೇಲಿದ್ದರೆ ಈ ಮಾತ್ರೆ ಸಾಮಾನ್ಯವಾಗಿ ಬೇಡವೆನ್ನುತ್ತಾರೆ, 160/100 ದಾಟಿದ್ದರೆ ಖಂಡಿತ ಬೇಡ. ನಿಮ್ಮ ವಯಸ್ಸಿಗೆ ಇದು ಬಾಧಿಸದಿದ್ದರೂ, 35 ದಾಟಿ ಸಿಗರೇಟು ಸೇದುವವರಿಗೂ ಇದು ಸಲ್ಲದು. ಇನ್ನೊಂದನ್ನು ಬಹಳ ಮಂದಿ ಮರೆಯುತ್ತಾರೆ: ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಾಜೆಪಿನ್‌ನಂಥ ಔಷಧಿಗಳು ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನು ಕುಗ್ಗಿಸುತ್ತವೆ. ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದರೂ ಅದರ ಚೀಟಿಯನ್ನು ಜೊತೆಗೇ ಒಯ್ಯಿರಿ.

ಇವುಗಳಲ್ಲಿ ಯಾವುದೂ ನಿಮಗಿಲ್ಲವೆಂದಾದರೆ, ಉಳಿಯುವ ಅಪಾಯ ಎಷ್ಟೆಂಬುದನ್ನು ಲೆಕ್ಕದಲ್ಲಿ ನೋಡಿದರೆ ಮನಸ್ಸಿಗೆ ಸಮಾಧಾನವಾಗುತ್ತದೆ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಅಂದಾಜಿನ ಪ್ರಕಾರ ಮಾತ್ರೆ ನುಂಗದ, ಗರ್ಭಿಣಿಯೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. ಇಂಥ ಮಾತ್ರೆಗಳಲ್ಲಿ ಈಸ್ಟ್ರೋಜನ್ ಜೊತೆಗೆ ಇನ್ನೊಂದು ಹಾರ್ಮೋನೂ ಇರುತ್ತದೆ. ಅದು ಲೆವೊನಾರ್ಜೆಸ್ಟ್ರೆಲ್ ಆಗಿದ್ದರೆ ನುಂಗುವವರಲ್ಲಿ ಈ ಸಂಖ್ಯೆ 5ರಿಂದ 7, ಡ್ರೊಸ್ಪಿರೆನೋನ್ ಆಗಿದ್ದರೆ 9ರಿಂದ 12. ಗರ್ಭಿಣಿಯಾಗಿದ್ದಾಗ, ಅದರಲ್ಲೂ ಹೆರಿಗೆಯಾದ ಮೊದಲ ವಾರಗಳಲ್ಲಿ, ಈ ಅಪಾಯ ಮಾತ್ರೆಯಿಂದ ಆಗುವುದಕ್ಕಿಂತ ಹೆಚ್ಚು. ನಿಮ್ಮ ಚೀಟಿಯಲ್ಲಿ ಬರೆದಿರುವುದು ಯಾವುದೆಂದು ನೋಡಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್‌ನಲ್ಲಿರುವುದು 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್, 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಾಡಿಯೋಲ್ ಎಂಬ ಈಸ್ಟ್ರೋಜನ್. ಕಡಿಮೆ ಬೆಲೆಗೆ ಮಾರುವ ಮಾಲಾ-ಡಿಯಲ್ಲಿಯೂ ಅದೇ. ಉಚಿತವಾಗಿ ಸಿಗುವುದು ಕಳಪೆಯಿರಬೇಕೆಂಬ ಅನುಮಾನ ನಮ್ಮಲ್ಲಿದೆ. ಹೆಪ್ಪುಗಟ್ಟುವ ಅಪಾಯದ ಮಟ್ಟಿಗೆ ಹೇಳುವುದಾದರೆ ಈ ಹಳೆಯ, ಅಗ್ಗದ ಮಾತ್ರೆಯೇ ಮೇಲು. ಮೊಡವೆ, ಪಿ.ಸಿ.ಓ.ಡಿ. ಇತ್ಯಾದಿಗಳಿಗಾಗಿ ದುಬಾರಿ ಮಾತ್ರೆಯನ್ನು ಬರೆದಿದ್ದರೆ ಏಕೆಂದು ಕೇಳಿ ತಿಳಿದುಕೊಳ್ಳಿ.

ಇನ್ನು ಅತ್ತೆಯವರ ಮಾತು. ಅವರ ಮೇಲೆ ಸಿಟ್ಟಾಗಬೇಡಿ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆಯಲು ಮುಂದಾಗಿತ್ತು, ಆದರೂ ಕರ್ನಾಟಕದ ಮನೆಗಳಲ್ಲಿ ಉಳಿದುಕೊಂಡ ರೂಢಿ ಒಂದೇ: ಬೇಗ ಎರಡು ಮಕ್ಕಳಾಗಲಿ, ಆಮೇಲೆ ಆಪರೇಷನ್. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೇ. ಗರ್ಭ ತಡೆಯುವುದೆಂದರೆ ಶಾಶ್ವತವಾಗಿ ಮುಚ್ಚಿಬಿಡುವುದು ಎಂದೇ ಕಂಡು ಬೆಳೆದವರಿಗೆ, ಬೇಕೆಂದಾಗ ಬಿಡಬಹುದಾದ ಉಪಾಯವೊಂದಿದೆ ಎಂದರೆ ನಂಬಿಕೆ ಬರುವುದು ಕಷ್ಟ.

ಮಾತ್ರೆ ಮಾಡುವುದು ಇಷ್ಟು. ಅದರಲ್ಲಿರುವ ಎರಡು ಹಾರ್ಮೋನುಗಳು ಅಂಡಾಶಯದಿಂದ ತಿಂಗಳು ತಿಂಗಳು ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತವೆ, ಗರ್ಭಕೊರಳಿನ ಲೋಳೆಯನ್ನು ಗಟ್ಟಿಯಾಗಿಸಿ ವೀರ್ಯಾಣು ಒಳಗೆ ಸಾಗದಂತೆ ಮಾಡುತ್ತವೆ. ನುಂಗುವುದನ್ನು ನಿಲ್ಲಿಸಿದರೆ ಈ ತಡೆ ಹೋಗುತ್ತದೆ. ಗರ್ಭಕೋಶದಲ್ಲಿ ಏನೂ ಶೇಖರವಾಗುವುದಿಲ್ಲ. ನನ್ನ ತಂಗಿ ನಾಲ್ಕು ವರ್ಷದ ನಂತರ ನಿಲ್ಲಿಸಿ ಮೂರನೆಯ ತಿಂಗಳಿಗೆ ಬಸುರಿಯಾದಳು. ಮೊದಲಿಂದಲೂ ಮುಟ್ಟು ಏರುಪೇರಾಗುವವರಿಗೆ ಮಾತ್ರೆ ಬಿಟ್ಟ ಮೇಲೆ ಆ ಏರುಪೇರು ಮತ್ತೆ ಕಾಣಿಸಿಕೊಳ್ಳುತ್ತದೆ. ಆಗ ಜನ ಮಾತ್ರೆಯನ್ನೇ ದೂರುತ್ತಾರೆ.

ಇಲ್ಲಿ ಇನ್ನೊಂದು ಗೊಂದಲವೂ ಇದೆ. ಮನೆಯಲ್ಲಿ ಪೂಜೆ, ಗೃಹಪ್ರವೇಶ ಎಂದಾಗ ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ತಂದು ನುಂಗುವ ನಾರ್ಎಥಿಸ್ಟೆರೋನ್ ಮಾತ್ರೆ ಬೇರೆ, ಇದು ಬೇರೆ. ಹಾಗೆ ಮುಂದೂಡಲು ನುಂಗುವ ಮಾತ್ರೆಯನ್ನು ಗರ್ಭನಿರೋಧಕವೆಂದು ನಂಬಿಕೊಳ್ಳುವಂತಿಲ್ಲ. ಸಂಭೋಗದ ನಂತರ 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆಯೂ ಬೇರೆಯೇ, ಅದು ಪ್ರತಿ ಬಾರಿಯೂ ಬಳಸುವುದಕ್ಕೆ ಇರುವಂಥದ್ದಲ್ಲ. ಮೂರನ್ನೂ ಒಂದೇ ಎಂದು ತಿಳಿದು ಅತ್ತೆಯವರು ಯಾರದೋ ಅನುಭವ ಹೇಳಿರಬಹುದು.

ಆರೋಗ್ಯದ ಪ್ರಶ್ನೆ ಮುಗಿದ ಮೇಲೆ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದದ್ದು, ದಿನವೂ ಒಂದೇ ಹೊತ್ತಿಗೆ ನುಂಗಲು ನಿಮ್ಮ ಮನೆಯಲ್ಲಿ ಸಾಧ್ಯವೇ ಎಂಬುದು. ತಪ್ಪದೆ ನುಂಗಿದರೆ ವರ್ಷಕ್ಕೆ ಸಾವಿರದಲ್ಲಿ ಸುಮಾರು ಮೂವರು ಮಾತ್ರ ಗರ್ಭಿಣಿಯಾಗುತ್ತಾರೆ. ಆದರೆ ಮರೆವು, ಊರು ತಿರುಗಾಟ, ವಾಂತಿ ಭೇದಿ ಎಲ್ಲವೂ ಸೇರಿದ ನಿಜಜೀವನದಲ್ಲಿ ಅದು ನೂರಕ್ಕೆ ಏಳರಷ್ಟಾಗುತ್ತದೆ. ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟ ಮಾತ್ರೆ ಮರೆತುಹೋಗುವ ಮಾತ್ರೆ. ನನ್ನ ತಂಗಿ ಮೊದಲ ತಿಂಗಳು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ದಿನವೆಲ್ಲ ಹೊಟ್ಟೆ ತೊಳಸುತ್ತದೆಂದು ಒದ್ದಾಡಿದಳು. ಆಮೇಲೆ ರಾತ್ರಿ ಊಟವಾದ ಮೇಲೆ, ಹಾಲಿಗೆ ಹೆಪ್ಪು ಹಾಕುವ ಹೊತ್ತಿಗೆ ನುಂಗುವ ರೂಢಿ ಮಾಡಿಕೊಂಡಳು. ಮೊಸರಿನ ಪಾತ್ರೆ ಮುಚ್ಚಿಟ್ಟರೆ ಮಾತ್ರೆ ಆಯಿತೆಂದೇ ಲೆಕ್ಕ. ಹೆಪ್ಪು ಹಾಕುವುದನ್ನು ಯಾವ ಮನೆಯಲ್ಲೂ ಮರೆಯುವುದಿಲ್ಲವಲ್ಲ!

ಮಾಲಾ-ಎನ್ ಸ್ಟ್ರಿಪ್‌ನಲ್ಲಿ 28 ಮಾತ್ರೆಗಳಿರುತ್ತವೆ. 21 ಹಾರ್ಮೋನಿನವು, ಬಣ್ಣ ಬೇರೆಯಿರುವ ಉಳಿದ 7 ಕಬ್ಬಿಣಾಂಶದವು. ಆ ಏಳು ದಿನಗಳಲ್ಲಿ ರಕ್ತಸ್ರಾವವಾಗುತ್ತದೆ. ಅದು ಸಹಜವಾದ ಮುಟ್ಟಲ್ಲ, ಹಾರ್ಮೋನು ನಿಂತದ್ದರಿಂದ ಆಗುವ ಸ್ರಾವ, ಆದ್ದರಿಂದ ಪ್ರಮಾಣ ಕಡಿಮೆಯಾದರೆ ಗಾಬರಿ ಬೇಡ. ಮುಟ್ಟಾದ ಐದು ದಿನಗಳೊಳಗೆ ಆರಂಭಿಸಿದರೆ ಅಂದಿನಿಂದಲೇ ರಕ್ಷಣೆ ಸಿಗುತ್ತದೆ. ಆಮೇಲೆ ಆರಂಭಿಸುವುದಾದರೆ ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡು ಏಳು ದಿನ ಕಾಂಡೋಮ್ ಬಳಸಬೇಕು. ಒಂದು ಮಾತ್ರೆ ತಪ್ಪಿದರೆ ನೆನಪಾದ ಕೂಡಲೇ ನುಂಗಿ, ಉಳಿದದ್ದನ್ನು ಎಂದಿನಂತೆ ಮುಂದುವರಿಸಿ. ಹಾರ್ಮೋನಿನ ಮಾತ್ರೆ ಎರಡು ಅಥವಾ ಹೆಚ್ಚು ತಪ್ಪಿದರೆ ಒಂದನ್ನು ಕೂಡಲೇ ನುಂಗಿ, ದಿನಕ್ಕೊಂದರಂತೆ ಮುಂದುವರಿಸಿ, ಸತತ ಏಳು ದಿನ ನುಂಗುವವರೆಗೆ ಕಾಂಡೋಮ್ ಬಳಸಿ. ತಪ್ಪಿದ್ದು ಮೂರನೆಯ ವಾರದಲ್ಲಾದರೆ ಕಬ್ಬಿಣದ ಏಳನ್ನು ಬಿಟ್ಟು ನೇರವಾಗಿ ಹೊಸ ಸ್ಟ್ರಿಪ್ ಶುರುಮಾಡಬೇಕು.

ಮೊದಲ ಮೂರು ತಿಂಗಳು ನಡುನಡುವೆ ಬಟ್ಟೆಗೆ ಕಲೆಯಾಗುವುದು, ಎದೆ ಬಿಗಿಯುವುದು, ವಾಕರಿಕೆ ಸಾಮಾನ್ಯ, ಹೆಚ್ಚಿನವರಲ್ಲಿ ತಾನಾಗಿ ಕಡಿಮೆಯಾಗುತ್ತವೆ. ಮನಸ್ಸು ಕಾರಣವಿಲ್ಲದೆ ಕುಗ್ಗುತ್ತಿದೆ ಎನಿಸಿದರೆ ಮಾತ್ರ ಸಹಿಸಿಕೊಂಡು ಕೂರದೆ ವೈದ್ಯರಿಗೆ ಹೇಳಿ.

ಮಾತ್ರೆ ನಿಮಗೆ ಹೊಂದುವುದಿಲ್ಲವೆಂದು ತಿಳಿದರೆ ದಾರಿ ಮುಚ್ಚಿತೆಂದುಕೊಳ್ಳಬೇಡಿ. ನಾನು ಗರ್ಭಕೋಶದೊಳಗೆ ಇಡುವ ತಾಮ್ರದ ಸಾಧನವಾದ ಕಾಪರ್-ಟಿ ಹಾಕಿಸಿಕೊಂಡೆ. ಅದರಲ್ಲಿ ಹಾರ್ಮೋನು ಇಲ್ಲ, ತೆಗೆಸಿದ ಕೂಡಲೇ ಗರ್ಭ ಧರಿಸಬಹುದು, ಆದರೆ ಮೊದಲ ತಿಂಗಳುಗಳಲ್ಲಿ ಸ್ರಾವವೂ ನೋವೂ ಹೆಚ್ಚಾಯಿತು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸೆಂಟ್‌ಕ್ರೋಮನ್ ಎಂಬ ಮಾತ್ರೆ ‘ಛಾಯಾ’ ಎಂಬ ಹೆಸರಿನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಿಗುತ್ತದೆ. ಅದರಲ್ಲಿ ಈಸ್ಟ್ರೋಜನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು ಬಾರಿ, ಆಮೇಲೆ ವಾರಕ್ಕೊಮ್ಮೆ ನುಂಗಬೇಕು. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದೂ ಇದೆ, ಆದರೆ ಅದನ್ನು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ತಿಂಗಳುಗಟ್ಟಲೆ ತಡವಾಗುವುದುಂಟು. ಎರಡೇ ವರ್ಷ ಅಂತರ ಬೇಕೆನ್ನುವ ನಿಮಗೆ ಅದು ನನ್ನ ಮೊದಲ ಸಲಹೆಯಾಗದು.

ಮಾತ್ರೆ ಆರಂಭಿಸಿದಿರಿ ಎಂದಿಟ್ಟುಕೊಳ್ಳೋಣ. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಎದೆನೋವು ಅಥವಾ ಉಸಿರು ಕಟ್ಟುವುದು, ಹಿಂದೆಂದೂ ಇಲ್ಲದಂಥ ತಲೆನೋವು, ಕಣ್ಣು ಮಂಜಾಗುವುದು, ಒಂದು ಪಕ್ಕದ ಕೈಕಾಲು ಜೋಮು ಹಿಡಿಯುವುದು, ಇವುಗಳಲ್ಲಿ ಯಾವುದೇ ಕಾಣಿಸಿಕೊಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಅಲ್ಲಿ, ಪಕ್ಕದಲ್ಲಿ ಅತ್ತೆಯವರೇ ನಿಂತಿದ್ದರೂ ಸಂಕೋಚಪಡದೆ, ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದೇನೆ ಎಂಬುದನ್ನು ಮೊಟ್ಟಮೊದಲಿಗೆ ಹೇಳಿ.